ಒಂದೇ ಸೂರಿನ ಎರಡು ನಂಬಿಕೆ



ಜನಗಣತಿಯವರು ಮನೆಗೆ ಬಂದು ಧರ್ಮ ಯಾವುದೆಂದು ಕೇಳಿದಾಗ ಸಾಮಾನ್ಯವಾಗಿ ಮನೆಯ ಹಿರಿಯರೊಬ್ಬರು ಎಲ್ಲರ ಪರವಾಗಿ ಉತ್ತರ ಹೇಳಿಬಿಡುತ್ತಾರೆ. ಒಳಗೆ ಓದುತ್ತ ಕೂತ ಮಗಳನ್ನು ಯಾರೂ ಕರೆದು ಕೇಳುವುದಿಲ್ಲ. 2011ರ ಜನಗಣತಿಯಲ್ಲಿ ಧರ್ಮವನ್ನು ತಿಳಿಸದವರೆಂದು ಲೆಕ್ಕಕ್ಕೆ ಸಿಕ್ಕವರು ಇಡೀ ದೇಶದಲ್ಲಿ ಸುಮಾರು 28.7 ಲಕ್ಷ ಜನ. ನೂರಕ್ಕೆ ಕಾಲು ಪಾಲೂ ಇಲ್ಲ. ಈ ಅಂಕಿಯನ್ನು ಹಿಡಿದು ಮಿಕ್ಕವರೆಲ್ಲ ನಂಬುವವರು ಎಂದು ಹೇಳಲು ಬಾರದು. ಜನಗಣತಿಯ ಕಾಗದ ಕೇಳುವುದು ನಾವು ಯಾರ ಮನೆಯವರು ಎಂಬುದನ್ನು. ರಾತ್ರಿ ದೀಪ ಆರಿಸಿದ ಮೇಲೆ ನಮಗೆ ಏನು ನಿಜವೆನ್ನಿಸುತ್ತದೆ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ.

ಇವತ್ತು ನಾನು ಮಾತಾಡಬೇಕೆಂದಿರುವುದು ಈ ಎರಡನೆಯದರ ಬಗ್ಗೆ. ದೇವರು ಇದ್ದಾನೋ ಇಲ್ಲವೋ ಎಂಬ ವಾದವನ್ನು ಇಲ್ಲಿ ನಡೆಸುವುದಿಲ್ಲ. ಅದಕ್ಕೆ ನನಗಿಂತ ದೊಡ್ಡ ಪಂಡಿತರಿದ್ದಾರೆ, ಅವರೂ ಮುಗಿಸಿಲ್ಲ. ನನ್ನ ಪ್ರಶ್ನೆ ಚಿಕ್ಕದು. ಒಬ್ಬ ವ್ಯಕ್ತಿ ಜೀವನದ ಬಗ್ಗೆ, ದೇವರ ಬಗ್ಗೆ, ಸಾವಿನ ಬಗ್ಗೆ ತನ್ನದೇ ಆದ ಒಂದು ತೀರ್ಮಾನಕ್ಕೆ ಬಂದ ಮೇಲೆ, ಆ ತೀರ್ಮಾನ ಅವನ ಜೊತೆ ಬದುಕುವವರನ್ನು ಎಲ್ಲಿ ಮುಟ್ಟುತ್ತದೆ? ಸ್ವಂತ ನಂಬಿಕೆ ನನ್ನ ಸ್ವಂತದ ವಿಷಯ ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಮದುವೆ, ತಿಥಿ, ಗೃಹಪ್ರವೇಶ, ಮಗುವಿನ ಜಾತಕ, ಯಾವುದನ್ನು ತೆಗೆದುಕೊಂಡರೂ ಅದು ಇನ್ನೊಬ್ಬರದ್ದೂ ಆಗಿರುತ್ತದೆ. ಕಳೆದ ಶತಮಾನದಲ್ಲಿ ಕನ್ನಡದ ಕೆಲವರು ತಮ್ಮ ನಂಬಿಕೆಯನ್ನು ಬರೆದಿಟ್ಟಿದ್ದಾರೆ, ಕೆಲವರು ಬದುಕಿ ತೋರಿಸಿದ್ದಾರೆ. ಅವರನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ನೋಡೋಣ.

ಮೊದಲಿಗೆ ಮೈಸೂರಿನ ಒಂದು ಮನೆ. ಎ. ಕೆ. ರಾಮಾನುಜನ್ ಅವರನ್ನು ನೀವು ಕನ್ನಡ ಕವಿಯಾಗಿ, ವಚನಗಳನ್ನು ಇಂಗ್ಲಿಷಿಗೆ ಕೊಟ್ಟವರಾಗಿ ಬಲ್ಲಿರಿ. ಅವರ ತಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕರು, ಖಗೋಳಶಾಸ್ತ್ರ ಬಲ್ಲವರು, ಜೊತೆಗೆ ಜ್ಯೋತಿಷಿ. ಭಾರತೀಯರಿಗೇ ವಿಶಿಷ್ಟವಾದ ಆಲೋಚನಾಕ್ರಮ ಒಂದಿದೆಯೇ ಎಂದು ಕೇಳುವ ಪ್ರಸಿದ್ಧ ಪ್ರಬಂಧದಲ್ಲಿ ರಾಮಾನುಜನ್ ಈ ತಂದೆಯನ್ನು ನೆನೆಯುತ್ತಾರೆ. ಪಂಚೆ ಉಟ್ಟು, ಮೇಲೆ ಇಂಗ್ಲಿಷ್ ಕೋಟು ಹಾಕಿ, ತಲೆಗೆ ರುಮಾಲು ಸುತ್ತಿದ ಮನುಷ್ಯ. ಮನೆಗೆ ಪರದೇಶದ ಗಣಿತಜ್ಞರೂ ಬರುತ್ತಿದ್ದರು, ಪಂಚಾಂಗದ ಜೋಯಿಸರೂ ಬರುತ್ತಿದ್ದರು. ಬೆಳಿಗ್ಗೆ ಸ್ನಾನ ಮಾಡಿ ಶ್ರದ್ಧೆಯಿಂದ ಗೀತೆ ಓದಿದವರು ಸ್ವಲ್ಪ ಹೊತ್ತಿಗೆ ಬರ್ಟ್ರಂಡ್ ರಸೆಲ್ ಬಗ್ಗೆ ಅಷ್ಟೇ ಹುಮ್ಮಸ್ಸಿನಿಂದ ಮಾತಾಡುತ್ತಿದ್ದರು. ವಿಚಾರವಾದದ ಹೊಸ ಉಮೇದಿನಲ್ಲಿದ್ದ ಮಗನಿಗೆ ಇದು ಸಹಿಸಲಾಗದ ಗೊಂದಲ. ನೆಪ್ಚೂನ್, ಪ್ಲೂಟೊ ಪತ್ತೆಯಾದ ಮೇಲೆ ನಿಮ್ಮ ನವಗ್ರಹಗಳ ಗತಿಯೇನು ಎಂದು ಕೇಳಿದರು. ಲೆಕ್ಕದಲ್ಲಿ ಅಗತ್ಯವಾದ ತಿದ್ದುಪಡಿ ಮಾಡಿಕೊಂಡರಾಯಿತು ಎಂದು ತಂದೆ ನಕ್ಕರಂತೆ. ಮಿದುಳಿಗೆ ಎರಡು ಭಾಗಗಳಿವೆ, ನಿನಗೆ ತಿಳಿಯದೇ ಎಂದೂ ಕೇಳಿದರಂತೆ.

ಈ ಪ್ರಸಂಗವನ್ನು ನಾನು ತರಗತಿಯಲ್ಲಿ ಹೇಳಿದಾಗಲೆಲ್ಲ ವಿದ್ಯಾರ್ಥಿಗಳು ನಗುತ್ತಾರೆ. ಆಮೇಲೆ ಕೆಲವರು ನಗುವುದನ್ನು ನಿಲ್ಲಿಸುತ್ತಾರೆ, ಏಕೆಂದರೆ ಅದು ಅವರ ಮನೆಯೂ ಹೌದು. ಆಯುಧಪೂಜೆಯ ದಿನ ನಮ್ಮ ಪ್ರಯೋಗಾಲಯಗಳಲ್ಲಿ ಯಂತ್ರಗಳಿಗೆ ಕುಂಕುಮ ಬೀಳುತ್ತದೆ. ಉಪಗ್ರಹ ಹಾರಿಸುವ ಮುನ್ನ ಇಸ್ರೋ ಅಧ್ಯಕ್ಷರು ರಾಕೆಟ್ಟಿನ ಚಿಕ್ಕ ಮಾದರಿಯನ್ನು ಹಿಡಿದು ತಿರುಪತಿಗೆ ಹೋಗಿಬಂದ ಸುದ್ದಿ, ಚಿತ್ರ ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಇಂಥವರನ್ನು ಬೂಟಾಟಿಕೆಯವರು ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಲೆಕ್ಕ ಹಾಕುವಾಗ ಅವರು ಲೆಕ್ಕವನ್ನೇ ನಂಬುತ್ತಾರೆ. ವೆಂಕಟರಮಣನ ಮೇಲೆ ಭಾರ ಹಾಕಿ ಇಂಧನದ ಅಳತೆಯನ್ನು ಯಾರೂ ಕಡಿಮೆ ಮಾಡುವುದಿಲ್ಲ. ಒಂದೇ ಮನೆಯಲ್ಲಿ ಎರಡು ಕೋಣೆಗಳು, ನಡುವೆ ಮುಚ್ಚಿದ ಬಾಗಿಲು. ವರ್ಷಗಟ್ಟಲೆ ಜನ ಹಾಗೆ ನೆಮ್ಮದಿಯಿಂದ ಬದುಕುತ್ತಾರೆ.

ನನ್ನ ತಕರಾರು ಬೇರೆ. ಜ್ಯೋತಿಷ್ಯದ ಕೋಣೆ ತನ್ನಷ್ಟಕ್ಕೆ ಇದ್ದರೆ ಅದು ಒಬ್ಬ ಪ್ರಾಧ್ಯಾಪಕರ ಪ್ರೀತಿಯ ಹವ್ಯಾಸ. ಅದೇ ಕೋಣೆಯಿಂದ ಕುಜದೋಷ ಎಂಬ ಮಾತು ಹೊರಬಿದ್ದು ಇಪ್ಪತ್ತಾರು ವರ್ಷದ ಒಬ್ಬ ಹುಡುಗಿಯ ಮೇಲೆ ಕೂತರೆ ಬೆಲೆ ತೆರುವವಳು ಅವಳು. ಅವಳು ಜಾತಕವನ್ನು ನಂಬದಿರಬಹುದು. ಅದರಿಂದ ಅವಳಿಗೆ ಯಾವ ರಿಯಾಯಿತಿಯೂ ಸಿಗುವುದಿಲ್ಲ. ನನ್ನ ನಂಬಿಕೆ ನನ್ನದು ಎಂಬ ಮಾತು ಇಲ್ಲಿಗೆ ನಿಲ್ಲುತ್ತದೆ.

ಇನ್ನು ಎರಡನೆಯ ವಿಷಯಕ್ಕೆ ಬರುತ್ತೇನೆ: ನಂಬುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದವರು.

ಬೆಂಗಳೂರಿನಲ್ಲಿ ಈ ಮಾತು ಎತ್ತಿದರೆ ಎಚ್. ನರಸಿಂಹಯ್ಯನವರು ಮೊದಲು ನೆನಪಾಗುತ್ತಾರೆ. ಗೌರಿಬಿದನೂರಿನ ಬಳಿಯ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿ, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋಗಿ, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದವರು. ಬಂದ ಮೇಲೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಇದ್ದರು; ಖಾದಿ ಬಿಡಲಿಲ್ಲ, ಗಾಂಧಿ ಟೋಪಿ ಬಿಡಲಿಲ್ಲ, ಮದುವೆಯಾಗಲಿಲ್ಲ. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಆ ಅವಧಿಯಲ್ಲೇ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಒಂದು ಸಮಿತಿ ರಚಿಸಿದರು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದು, ಪರೀಕ್ಷೆಗೆ ಒಪ್ಪುವ ಸನ್ನಿವೇಶದಲ್ಲಿ ಪವಾಡ ತೋರಿಸಬೇಕೆಂದು ಕೋರಿದರು. ಪರೀಕ್ಷೆ ನಡೆಯಲಿಲ್ಲ. ಇಂದ್ರಿಯಗಳಿಗೆ ಸಿಗುವುದಷ್ಟೇ ವಿಜ್ಞಾನದ ವ್ಯಾಪ್ತಿ, ಅಧ್ಯಾತ್ಮ ಅದನ್ನು ಮೀರಿದ್ದು ಎಂಬ ಅರ್ಥದ ಉತ್ತರ ಪತ್ರಿಕಾ ಸಂದರ್ಶನವೊಂದರಲ್ಲಿ ಬಂತು. ಉಂಗುರ ಬೇಡ, ಅಂಗಿಯ ತೋಳಿನಲ್ಲಿ ಅಡಗಿಸಲಾಗದ ಕುಂಬಳಕಾಯಿಯನ್ನು ಸೃಷ್ಟಿಸಲಿ ಎಂಬ ನರಸಿಂಹಯ್ಯನವರ ಸವಾಲು ಮಾತ್ರ ಊರಿನ ಮಾತಿನಲ್ಲಿ ಉಳಿದುಹೋಯಿತು. ಅದೇ 1976ರಲ್ಲಿ ಸಂಸತ್ತು ಸಂವಿಧಾನಕ್ಕೆ ನಲವತ್ತೆರಡನೆಯ ತಿದ್ದುಪಡಿ ತಂದು, ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು ಎಂಬುದನ್ನೂ ಜೊತೆಗಿಟ್ಟು ನೋಡಬೇಕು. ತುರ್ತುಪರಿಸ್ಥಿತಿಯ ಆ ತಿದ್ದುಪಡಿಯ ಬಗ್ಗೆ ನಮಗೆ ಬೇಕಾದಷ್ಟು ಆಕ್ಷೇಪಗಳಿವೆ. ಈ ಒಂದು ಸಾಲಿನ ಬಗ್ಗೆ ನನಗಿಲ್ಲ.

ನರಸಿಂಹಯ್ಯನವರಲ್ಲಿ ನನ್ನನ್ನು ಹೆಚ್ಚು ಕಾಡುವುದು ಪವಾಡದ ಪ್ರಸಂಗವಲ್ಲ, ಅವರ ತಲೆಯ ಮೇಲಿದ್ದ ಟೋಪಿ. ಗಾಂಧೀಜಿ ದಿನವೂ ಪ್ರಾರ್ಥನೆ ಮಾಡಿದವರು. 1934ರ ಜನವರಿಯಲ್ಲಿ ಬಿಹಾರ ನಡುಗಿ ಸಾವಿರಾರು ಜನ ಸತ್ತಾಗ, ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಎಂದವರು. ರವೀಂದ್ರನಾಥ ಠಾಕೂರರು ಆ ಮಾತನ್ನು ಬಹಿರಂಗವಾಗಿಯೇ ವಿರೋಧಿಸಿದರು. ಭೌತಶಾಸ್ತ್ರದ ಮೇಷ್ಟ್ರೊಬ್ಬರು ಇಂಥ ಗುರುವನ್ನು ಇಡೀ ಬದುಕು ಹೊತ್ತು ನಡೆದದ್ದು ಹೇಗೆ? ಸರಳ ಬದುಕನ್ನೂ ಸತ್ಯದ ಹಟವನ್ನೂ ಅವರು ತೆಗೆದುಕೊಂಡರು, ಪ್ರಾರ್ಥನೆಯನ್ನು ಅಲ್ಲೇ ಬಿಟ್ಟರು. ಗುರುವಿನಿಂದ ಹೀಗೆ ಆರಿಸಿಕೊಳ್ಳುವುದು ದ್ರೋಹ ಎನ್ನುವವರಿದ್ದಾರೆ. ನನಗೆ ಅದು ಶಿಷ್ಯತ್ವದ ಒಳ್ಳೆಯ ರೀತಿಯೇ ಅನ್ನಿಸುತ್ತದೆ.

ಇನ್ನೊಬ್ಬರು ಎ. ಎನ್. ಮೂರ್ತಿರಾಯರು. 1900ರಲ್ಲಿ ಮಂಡ್ಯ ಜಿಲ್ಲೆಯ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದವರು, ‘ಹಗಲುಗನಸುಗಳು’ ಬರೆದ ಲಲಿತ ಪ್ರಬಂಧಕಾರರು, ತಲೆಮಾರುಗಳಿಗೆ ಇಂಗ್ಲಿಷ್ ಕಲಿಸಿದವರು. ಅವರ ‘ದೇವರು’ ಪುಸ್ತಕ 1991ರಲ್ಲಿ ಬಂದಾಗ ಅವರಿಗೆ ತೊಂಬತ್ತರ ಆಸುಪಾಸು. ಹೆಚ್ಚಿನವರು ರಾಮನಾಮಕ್ಕೆ ತಿರುಗುವ ವಯಸ್ಸಿನಲ್ಲಿ ಈ ಹಿರಿಯರು ತಮಗೆ ದೇವರಲ್ಲಿ ನಂಬಿಕೆ ಏಕಿಲ್ಲ ಎಂಬುದನ್ನು ಸಾವಧಾನವಾಗಿ, ಎದುರಿಗೆ ಕೂರಿಸಿಕೊಂಡು ಹೇಳಿದಂತೆ ಬರೆದರು. ಲೋಕದಲ್ಲಿ ಇಷ್ಟೊಂದು ಸಂಕಟವಿರುವಾಗ, ಎಲ್ಲವನ್ನೂ ಮಾಡಬಲ್ಲ ಶಕ್ತಿಯೂ ಎಲ್ಲರ ಮೇಲೂ ಕರುಣೆಯೂ ಒಬ್ಬನಲ್ಲೇ ಕೂಡಿರಲು ಹೇಗೆ ಸಾಧ್ಯ ಎಂಬ ಹಳೆಯ ಪ್ರಶ್ನೆ ಅಲ್ಲಿ ಬಿಡದೆ ಬರುತ್ತದೆ. ಅವರ ದನಿ ಎಲ್ಲೂ ಏರುವುದಿಲ್ಲ. ಪುಸ್ತಕವನ್ನು ಭಕ್ತರೂ ಓದಿದರು, ಮತ್ತೆ ಮತ್ತೆ ಅಚ್ಚಾಯಿತು, ಪಂಪ ಪ್ರಶಸ್ತಿ ಬಂತು. ಲೇಖಕರು ನೂರು ದಾಟಿ, 2003ರಲ್ಲಿ ತೀರಿಕೊಂಡರು.

ಇದರ ಪಕ್ಕದಲ್ಲಿ ಇನ್ನೊಂದು ಬರಹವನ್ನು ಇಡಬೇಕೆನ್ನಿಸುತ್ತದೆ. ಲಾಹೋರಿನ ಜೈಲಿನಲ್ಲಿ 1930ರಲ್ಲಿ ಭಗತ್ ಸಿಂಗ್ ತಾನೇಕೆ ನಾಸ್ತಿಕ ಎಂದು ಬರೆದರು. ಅದೇ ಜೈಲಿನಲ್ಲಿದ್ದ ಹಿರಿಯ ದೈವಭಕ್ತರೊಬ್ಬರು, ಕೀರ್ತಿ ತಲೆಗೇರಿ ನಿನಗೆ ಅಹಂಕಾರ ಬಂದಿದೆ, ಅದಕ್ಕೇ ದೇವರು ಕಾಣುತ್ತಿಲ್ಲ ಎಂದಿದ್ದರು. ಅದಕ್ಕೆ ಕೊಟ್ಟ ಉತ್ತರ ಅದು. ದೇವರನ್ನು ನಂಬಿದವನಿಗೆ ನೇಣುಗಂಬದ ಮುಂದೆ ಒಂದು ಆಸರೆ ಇರುತ್ತದೆ, ತನಗೆ ಅದಿಲ್ಲ, ಇಲ್ಲವೆಂದು ಗೊತ್ತಿದ್ದೂ ನಿಲ್ಲಬೇಕು ಎಂಬುದು ಅದರ ತಿರುಳು. ಮರುವರ್ಷ ಮಾರ್ಚಿ 23ರಂದು ಗಲ್ಲಿಗೇರಿದಾಗ ವಯಸ್ಸು ಇಪ್ಪತ್ತಮೂರು. ಒಬ್ಬರಿಗೆ ಹದಿಹರೆಯ ಆಗಷ್ಟೇ ಮುಗಿದಿತ್ತು, ಇನ್ನೊಬ್ಬರಿಗೆ ಶತಮಾನ ಮುಗಿಯುತ್ತ ಬಂದಿತ್ತು. ನಾಸ್ತಿಕತೆ ಎಳೆ ಪ್ರಾಯದ ಹುಂಬತನ, ವಯಸ್ಸಾದಂತೆ ಸರಿಹೋಗುತ್ತದೆ ಎನ್ನುವವರಿಗೂ, ಸಾವಿನ ಮುಂದೆ ಯಾವ ನಾಸ್ತಿಕನೂ ನಿಲ್ಲಲಾರ ಎನ್ನುವವರಿಗೂ ಈ ಇಬ್ಬರು ಸ್ವಲ್ಪ ಕಷ್ಟ ಕೊಡುತ್ತಾರೆ.

ಆದರೆ ನಮ್ಮ ಪ್ರಶ್ನೆಯನ್ನು ಇಲ್ಲಿಯೂ ಕೇಳಲೇಬೇಕು. ಭಗತ್ ಸಿಂಗ್ ಸಂಸಾರವಿಲ್ಲದೆ ಜೈಲಿನಲ್ಲಿದ್ದರು, ನರಸಿಂಹಯ್ಯನವರು ಹಾಸ್ಟೆಲಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಮಗಳ ಮದುವೆಗೆ ಮುಹೂರ್ತ ಯಾವಾಗ ಎಂದು ಅವರನ್ನು ಕೇಳುವ ಹೆಂಡತಿ ಇರಲಿಲ್ಲ. ಇದನ್ನು ಅವರ ಹಿರಿಮೆಗೆ ಕುಂದಾಗಿ ಹೇಳುತ್ತಿಲ್ಲ. ಸಂಸಾರವಂದಿಗರಿಗೆ ಬರುವ ತೊಡಕು ಅವರ ದಾರಿಗೆ ಆ ರೂಪದಲ್ಲಿ ಅಡ್ಡ ಬರಲಿಲ್ಲ, ಅಷ್ಟೆ. ಆ ತೊಡಕನ್ನು ನೋಡಲು ನಾವು ಸಂಸಾರದಲ್ಲಿದ್ದವರ ಬಳಿಗೆ ಹೋಗಬೇಕು. ಅದೇ ನನ್ನ ಮೂರನೆಯ ವಿಷಯ.

ನ್ಯಾಷನಲ್ ಕಾಲೇಜು ಇರುವ ಅದೇ ಬಸವನಗುಡಿಯ ಆಸುಪಾಸಿನಲ್ಲಿ ಡಿವಿಜಿಯವರೂ ಇದ್ದರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ನರಸಿಂಹಯ್ಯನವರ ಬಾಗಿಲಲ್ಲಿ ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂಬ ಪಾಠವಿದ್ದರೆ, ಡಿವಿಜಿಯವರ ಬಾಗಿಲಲ್ಲಿ ಗೀತೆಯ ಪಾಠ. ಇದು ಮೇಲುನೋಟದ ಮಾತು. 1943ರಲ್ಲಿ ಪ್ರಕಟವಾದ ‘ಮಂಕುತಿಮ್ಮನ ಕಗ್ಗ’ವನ್ನು ತೆರೆದು ನೋಡಿ: ಕಾಣದಿದ್ದರೂ ಜನ ನಂಬಿಕೊಂಡು ಬಂದ ಆ ವಿಚಿತ್ರಕ್ಕೆ ನಮಿಸೋಣ ಎಂಬಲ್ಲಿಂದ ಶುರುವಾಗುವ ಪುಸ್ತಕ, ಮುಂದೆ ಪುಟಪುಟಕ್ಕೂ ಪ್ರಶ್ನೆ ಹಾಕುತ್ತ ಹೋಗುತ್ತದೆ. ಬಾಳಿಗೆ ಅರ್ಥವೇನು, ಜಗತ್ತಿಗೂ ಜೀವಕ್ಕೂ ಏನು ನಂಟು, ಕಣ್ಣಿಗೆ ಕಾಣದ್ದು ಇದೆಯೋ ಇಲ್ಲವೋ. ತಮ್ಮ ಮಾತಿಗೆ ತಿಮ್ಮನೆಂಬ ಮಂಕನ ಹೆಸರಿಟ್ಟದ್ದೂ ಸುಮ್ಮನೆ ಅಲ್ಲ. ಪಂಡಿತನಾಗಿ ಹೇಳಿದ್ದರೆ ಉತ್ತರ ಕೊಡಬೇಕಿತ್ತು. ಮಂಕನಿಗೆ ಆ ಹಂಗಿಲ್ಲ. ಆ ಹೊತ್ತಿಗೆ ಅವರು ಹೆಂಡತಿಯನ್ನು ಕಳೆದುಕೊಂಡು ಹತ್ತೊಂಬತ್ತು ವರ್ಷವಾಗಿತ್ತು. ಬೆಂಕಿ ತಗುಲಿ ಭಾಗೀರಥಮ್ಮನವರು ತೀರಿಕೊಂಡದ್ದು 1924ರಲ್ಲಿ. ಡಿವಿಜಿ ಮತ್ತೆ ಮದುವೆಯಾಗಲಿಲ್ಲ. ಕಗ್ಗದ ಪದ್ಯಗಳಲ್ಲಿ ಆ ಸಾವಿನ ಗುರುತು ಹುಡುಕುವ ಚಟ ಕೆಲವರಿಗಿದೆ, ನನಗಿಲ್ಲ. ಒಂದು ಮಾತನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಡಿವಿಜಿಯವರ ಆಸ್ತಿಕತೆ ಸಂದೇಹವನ್ನು ಮನೆಯಿಂದ ಹೊರಗೆ ಹಾಕಿದ್ದಲ್ಲ, ಅದಕ್ಕೂ ಊಟ ಹಾಕಿ ಸಾಕಿದ್ದು.

ಕುವೆಂಪು ಅವರದ್ದು ಇನ್ನೂ ತೊಡಕಿನ ಚಿತ್ರ. ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ ಬೆಳೆದವರು, 1929ರಲ್ಲಿ ಬೇಲೂರು ಮಠದಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದವರು, ರಾಮಕೃಷ್ಣ ಪರಮಹಂಸರ ಮತ್ತು ವಿವೇಕಾನಂದರ ಜೀವನಚರಿತ್ರೆ ಬರೆದವರು. ತಮ್ಮ ನಿವಾಸ ‘ಉದಯರವಿ’ಯ ದೇವರ ಮನೆಯಲ್ಲಿ ಪೂಜೆ ಮಾಡುತ್ತಿದ್ದವರು. ಗುಡಿ, ಚರ್ಚು, ಮಸೀದಿಗಳನ್ನು ಬಿಟ್ಟು ಬನ್ನಿ ಎಂದು ಕರೆದವರೂ ಇವರೇ. ಪುರೋಹಿತಶಾಹಿಯ ಮೇಲೆ ಇವರಷ್ಟು ಕಟುವಾಗಿ ಕನ್ನಡದಲ್ಲಿ ಬರೆದವರು ಕಡಿಮೆ. ಕಾಲೇಜಿನ ಹುಡುಗರಿಗೆ ಕೊಟ್ಟ ‘ಆತ್ಮಶ್ರೀಗಾಗಿ ನಿರಂಕುಶಮತಿಗಳಾಗಿ’ ಎಂಬ ಭಾಷಣದ ಹೆಸರಿನಲ್ಲೇ ಈ ಎರಡೂ ಎಳೆಗಳು ಹೆಣೆದುಕೊಂಡಿವೆ. ಆತ್ಮವೂ ಬೇಕು, ಅಂಕುಶವಿಲ್ಲದ ಬುದ್ಧಿಯೂ ಬೇಕು. ಇದು ರಾಮಾನುಜನ್ ಅವರ ತಂದೆಯ ಎರಡು ಕೋಣೆಗಳಲ್ಲ. ಕುವೆಂಪು ನಡುವಿನ ಬಾಗಿಲನ್ನು ತೆರೆದಿಟ್ಟವರು. ದೇವರಿಗೂ ತನಗೂ ನಡುವೆ ದಲ್ಲಾಳಿ ಬೇಡ ಎಂಬುದು ಅವರ ಭಕ್ತಿಯೊಳಗಿಂದಲೇ ಹುಟ್ಟಿದ ಮಾತು. ಹನ್ನೆರಡನೆಯ ಶತಮಾನದಲ್ಲಿ ಶರಣರು ದೇವರನ್ನು ಗುಡಿಯಿಂದ ತೆಗೆದು ಇಷ್ಟಲಿಂಗವಾಗಿ ಮೈಮೇಲೆ ಧರಿಸಿಕೊಂಡ ನಾಡಿನಲ್ಲಿ ಇದಕ್ಕೆ ಹಿನ್ನೆಲೆಯೂ ಇದೆ.

ಈ ನಂಬಿಕೆ ಪುಸ್ತಕದಿಂದ ಎದ್ದು ಮನೆಗೆ ಬಂದದ್ದು 1966ರಲ್ಲಿ, ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯಲ್ಲಿ. ತೇಜಸ್ವಿಯವರದು ಪ್ರೇಮವಿವಾಹ, ರಾಜೇಶ್ವರಿಯವರೊಂದಿಗೆ. ಮದುವೆ ನಡೆದದ್ದು ಮಗ ಬೇಸಾಯ ಮಾಡಿಕೊಂಡಿದ್ದ ‘ಚಿತ್ರಕೂಟ’ ತೋಟದಲ್ಲಿ. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ, ವಾಲಗ ಛತ್ರಗಳ ಖರ್ಚಿಲ್ಲ. ಬೇರೆ ಬೇರೆ ಮೂಲಗಳಿಂದ ಕುವೆಂಪು ಆರಿಸಿದ ಮಂತ್ರಗಳು ಮತ್ತು ವಧೂವರರು ತಾವೇ ಅರ್ಥ ತಿಳಿದು ಹೇಳುವ ಪ್ರತಿಜ್ಞೆ. ಈ ಕ್ರಮವೇ ಮುಂದೆ ‘ಮಂತ್ರಮಾಂಗಲ್ಯ’ವಾಗಿ ಹಬ್ಬಿ, ಇವತ್ತಿಗೂ ಕರ್ನಾಟಕದ ಊರೂರುಗಳಲ್ಲಿ ಜನ ಹಾಗೆ ಮದುವೆಯಾಗುತ್ತಿದ್ದಾರೆ.

ಇದನ್ನು ನಾನು ಸ್ವಲ್ಪ ನಿಧಾನವಾಗಿ ನೋಡಲು ಬಯಸುತ್ತೇನೆ. ನೋಂದಣಿ ಕಚೇರಿಯಲ್ಲಿ ಸಹಿ ಹಾಕಿಸಿ ಮುಗಿಸಬಹುದಿತ್ತು, ಕಾನೂನು ಇತ್ತು. ಕುವೆಂಪು ಅದಷ್ಟಕ್ಕೆ ನಿಲ್ಲಲಿಲ್ಲ. ಮದುವೆಗೆ ಮಂತ್ರ ಬೇಕು, ಹಿರಿಯರು ಬೇಕು, ಎಲ್ಲರೆದುರು ಹೇಳಿದ ಮಾತು ಬೇಕು ಎಂಬ ಜನರ ಆಸೆಯನ್ನು ಅವರು ಮೂಢನಂಬಿಕೆ ಎಂದು ಕೊಡವಿ ಹಾಕಲಿಲ್ಲ. ಅದರಲ್ಲಿ ಕಿತ್ತುಹಾಕಿದ್ದು ಎರಡನ್ನು ಮಾತ್ರ: ಜಾತಿಯ ಹೆಸರಿನಲ್ಲಿ ಒಬ್ಬನಿಗೆ ಸಿಗುವ ಅಧಿಕಾರ ಮತ್ತು ಹೆಣ್ಣಿನ ಮನೆಯವರ ಮೇಲೆ ಬೀಳುವ ಸಾಲ. ಅಂದರೆ ಇನ್ನೊಬ್ಬರಿಗೆ ನೋವು ಮಾಡುವ ಭಾಗ. ನಂಬದ ಮಗನಿಗೂ ನಂಬುವ ಅಪ್ಪನಿಗೂ ಅಲ್ಲಿ ಒಟ್ಟಿಗೆ ನಿಲ್ಲಲು ಜಾಗವಾಯಿತು. ತೇಜಸ್ವಿಯವರು ಅಪ್ಪನ ದೇವರ ಮನೆಯನ್ನು ಮುಂದುವರಿಸಿದವರಲ್ಲ, ಅವರ ದಾರಿ ಕಾಡು, ಕ್ಯಾಮರಾ, ಲೋಹಿಯಾರ ಸಮಾಜವಾದ. ಆದರೂ ಆ ಮದುವೆ ಇಬ್ಬರದ್ದೂ ಆಗಿತ್ತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಓದಿದವರ ಮನೆಯ ಮಾತು. ಓದಿದವನೊಬ್ಬ ಓದದವರ ನಂಬಿಕೆಯ ಎದುರು ಬಂದಾಗ ಏನು ಮಾಡಬೇಕು? ನಾಲ್ಕನೆಯದೂ ಕೊನೆಯದೂ ಆದ ಈ ವಿಷಯವೇ ಎಲ್ಲಕ್ಕಿಂತ ಕಷ್ಟದ್ದು.

ಶಿವರಾಮ ಕಾರಂತರು ದೇವರ ವಿಷಯದಲ್ಲಿ ತಮಗೆ ತಿಳಿಯದು ಎಂಬ ನಿಲುವಿನವರು. ‘ಬಾಳ್ವೆಯೇ ಬೆಳಕು’ ಎಂಬ ಅವರ ಪುಸ್ತಕದ ಹೆಸರೇ ಅವರ ಶ್ರದ್ಧೆ ಎಲ್ಲಿತ್ತೆಂದು ಹೇಳುತ್ತದೆ. ಹೀಗಿದ್ದೂ, 1933ರ ‘ಚೋಮನ ದುಡಿ’ಯಲ್ಲಿ ಅವರು ಬರೆದದ್ದೇನು? ಬೇಸಾಯಕ್ಕೆ ತುಂಡು ಭೂಮಿ ಬೇಕೆಂದು ಹಂಬಲಿಸುವ ಚೋಮ, ಪಾದ್ರಿಗಳ ಮತಕ್ಕೆ ಸೇರಿದರೆ ಭೂಮಿ ಸಿಗುತ್ತದೆಂಬ ಆಸೆಯಿಂದ ಹೊರಡುತ್ತಾನೆ. ಪಂಜುರ್ಲಿ ಭೂತದ ಮೇಲಿನ ಭಯಭಕ್ತಿ ಅವನನ್ನು ಹಿಂದಕ್ಕೆ ತಿರುಗಿಸುತ್ತದೆ. ಕಾರಂತರ ವಿಚಾರದ ಪ್ರಕಾರ ಭೂತ ಅವನಿಗೆ ಏನನ್ನೂ ಕೊಟ್ಟಿಲ್ಲ. ಅವನ ದಾಸ್ಯವನ್ನು ಕಾಯ್ದ ವ್ಯವಸ್ಥೆಯಲ್ಲಿ ಅದೂ ಒಂದು ಭಾಗ. ಆದರೆ ಕಾದಂಬರಿಕಾರ ಅವನನ್ನು ಗದರುವುದಿಲ್ಲ. ಹೊಲವಿಲ್ಲದವನಿಗೆ, ಮಕ್ಕಳನ್ನು ಕಳೆದುಕೊಂಡವನಿಗೆ ತನ್ನದೆಂದು ಉಳಿದದ್ದು ಆ ದೈವ ಮತ್ತು ಆ ದುಡಿ. 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಂತೂ ದೇವರುಗಳು ಹೇಗೆ ಹುಟ್ಟಿದರು, ಹೇಗೆ ಬದಲಾದರು ಎಂದು ಬಿಡಿಸಿ ಹೇಳುವ ಕೆಲಸವನ್ನು ಅವರು ಪ್ರೊಫೆಸರನಿಗೆ ಕೊಡದೆ, ಎಳವೆಯಲ್ಲೇ ವಿಧವೆಯಾದ ಹಳ್ಳಿಯ ಮುದುಕಿಯೊಬ್ಬಳಿಗೆ ಕೊಟ್ಟರು. ಆ ಅಜ್ಜಿ ನಂಬುವವರನ್ನು ಹೀಯಾಳಿಸುವುದಿಲ್ಲ. ತಮ್ಮ ನಂಬಿಕೆಯನ್ನು ಬೇರೆಯವರ ಮೇಲೆ ಹೇರುವವರನ್ನು ಮಾತ್ರ ಸಹಿಸುವುದಿಲ್ಲ.

ಕಾದಂಬರಿಯಲ್ಲಿ ಸಾಧ್ಯವಾದ ಈ ತಾಳ್ಮೆ ಬೀದಿಯಲ್ಲಿ ಅಷ್ಟು ಸುಲಭವಲ್ಲ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಗೆ ಬೆತ್ತಲೆ ಸೇವೆ ನಡೆಯುತ್ತಿತ್ತು. ಹರಕೆ ಹೊತ್ತು ಬರುತ್ತಿದ್ದವರಲ್ಲಿ ದಲಿತ ಮತ್ತು ಹಿಂದುಳಿದ ಸಮುದಾಯಗಳ ಹೆಂಗಸರು ಬಹಳ. 1986ರ ಮಾರ್ಚಿಯಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರ, ಪೊಲೀಸರ ಮೇಲೆ ಭಕ್ತರ ಗುಂಪು ತಿರುಗಿಬಿತ್ತು. ತಡೆಯಲು ಹೋದವರನ್ನೇ ಬಟ್ಟೆ ಬಿಚ್ಚಿ ಮೆರವಣಿಗೆ ಮಾಡಲಾಯಿತು. ಬಳಿಕ ಸರ್ಕಾರ ಸೇವೆಯನ್ನು ನಿಷೇಧಿಸಿತು. ಯು. ಆರ್. ಅನಂತಮೂರ್ತಿಯವರು ಬೆತ್ತಲೆ ಪೂಜೆ ಯಾಕೆ ಕೂಡದು ಎಂಬ ಪ್ರಶ್ನೆ ಎತ್ತಿ ಬರೆದದ್ದು ಈ ಘಟನೆಯ ಹಿನ್ನೆಲೆಯಲ್ಲಿ. ಅದರಲ್ಲಿ ಅವರು ಕಲಾವಿದ ಸ್ನೇಹಿತರೊಬ್ಬರ ಅನುಭವ ಹೇಳುತ್ತಾರೆ. ಹಳ್ಳಿಯ ರೈತನೊಬ್ಬನ ಗುಡಿಸಲಿನಲ್ಲಿ ಕುಂಕುಮ ಹಚ್ಚಿದ ಕಲ್ಲಿತ್ತು. ಬೆಳಕಿಗೆ ತಂದು ಫೋಟೋ ತೆಗೆಯಬಹುದೇ ಎಂದು ಕೇಳಿ, ತೆಗೆದ ಮೇಲೆ ಕಲಾವಿದರಿಗೆ ಅಳುಕಾಯಿತು, ದೇವರು ಮೈಲಿಗೆಯಾಯಿತೇನೋ ಎಂದು. ರೈತ ನಿರಾಳವಾಗಿ, ಪರವಾಗಿಲ್ಲ, ಇನ್ನೊಂದು ಕಲ್ಲು ತಂದು ಕುಂಕುಮ ಹಚ್ಚುತ್ತೇನೆ ಎಂದನಂತೆ. ಈ ಕಥೆಯಲ್ಲಿ ಹೆಚ್ಚು ಮುಕ್ತನಾಗಿದ್ದವನು ಯಾರು?

ಹಾಗೆಂದು ಅನಂತಮೂರ್ತಿಯವರ ಪ್ರಶ್ನೆಯನ್ನು ನಾನು ಪೂರ್ತಿ ಒಪ್ಪಲಾರೆ. ಕಲ್ಲಿಗೆ ಕುಂಕುಮ ಹಚ್ಚುವ ರೈತನ ನಂಬಿಕೆಯಿಂದ ಯಾರಿಗೂ ನಷ್ಟವಿಲ್ಲ. ಚಂದ್ರಗುತ್ತಿಯಲ್ಲಿ ಎಳೆಯ ಹುಡುಗಿಯರೂ ಇದ್ದರು, ಕ್ಯಾಮರಾ ಹಿಡಿದು ನೋಡಲೆಂದೇ ಬಂದ ಗಂಡಸರೂ ಇದ್ದರು. ಆ ಹುಡುಗಿಯರ ಒಪ್ಪಿಗೆ ಕೇಳಿದವರಾರು? ಕರ್ನಾಟಕದ ಶಾಸನಗಳೂ ತಡವಾಗಿಯಾದರೂ ಈ ದಿಕ್ಕಿನಲ್ಲೇ ನಡೆದಿವೆ. ದೇವದಾಸಿ ಸಮರ್ಪಣೆಯನ್ನು 1982ರ ಕಾಯ್ದೆ ನಿಷೇಧಿಸಿತು. ಅಮಾನವೀಯ ದುಷ್ಟ ಪದ್ಧತಿಗಳನ್ನೂ ಮಾಟಮಂತ್ರವನ್ನೂ ತಡೆಯುವ 2017ರ ಕಾಯ್ದೆ, ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಕೀರ್ತನೆಯಂಥವನ್ನು ಮುಟ್ಟದೆ ಹೊರಗಿಟ್ಟಿತು. ಪ್ರದಕ್ಷಿಣೆಯಿಂದ ಪುಣ್ಯ ಬರುತ್ತದೆಯೇ ಎಂದು ಶಾಸನ ವಿಚಾರಿಸಲು ಹೋಗಲಿಲ್ಲ, ಯಾರ ಮೈಗೆ, ಯಾರ ಮಾನಕ್ಕೆ ಪೆಟ್ಟು ಎಂದಷ್ಟೇ ನೋಡಿತು.

ಚಂದ್ರಗುತ್ತಿಯ ಘಟನೆ ನಡೆದ ಅದೇ 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಒಂದು ತೀರ್ಪನ್ನು ಇಲ್ಲಿ ನೆನೆಯಬೇಕು. ಕೇರಳದ ಶಾಲೆಯೊಂದರಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ದೇವರಿಗಲ್ಲದೆ ಬೇರೆ ಯಾವುದಕ್ಕೂ ಸ್ತುತಿ ಹಾಡಬಾರದೆಂಬುದು ಅವರ ನಂಬಿಕೆ. ಶಾಲೆಯಿಂದ ಹೊರಹಾಕಿದರು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ಪೀಠ, ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಬೇಕೆಂದಿತು. ಆ ನಂಬಿಕೆ ನಮ್ಮ ಬುದ್ಧಿಗೆ ಒಪ್ಪುತ್ತದೆಯೇ ಎಂಬುದು ಪ್ರಶ್ನೆಯಲ್ಲ, ಅವರು ಅದನ್ನು ಅಂತಃಸಾಕ್ಷಿಯಿಂದ ನಂಬಿದ್ದಾರೆಯೇ ಎಂಬುದು ಪ್ರಶ್ನೆ ಎಂಬ ತರ್ಕ ಅದು. ನನಗೆ ಆ ಮಕ್ಕಳ ನಂಬಿಕೆ ವಿಚಿತ್ರವಾಗಿಯೇ ಕಾಣುತ್ತದೆ. ಅವರು ಸುಮ್ಮನೆ ನಿಂತಿದ್ದರಿಂದ ಪಕ್ಕದಲ್ಲಿ ಹಾಡುತ್ತಿದ್ದ ಮಗುವಿಗೆ ಏನು ಕಳೆದುಹೋಯಿತು ಎಂದು ಹುಡುಕಿದರೆ ಏನೂ ಸಿಗುವುದಿಲ್ಲ.

ಒಂದು ಮನೆಯ ಸಂಗತಿ ಹೇಳಿ ನನ್ನ ಮಾತು ನಿಲ್ಲಿಸುತ್ತೇನೆ. ಹೆಸರು ಬೇಡ, ಪರಿಚಯದವರು. ತಂದೆ ತೀರಿಕೊಂಡ ಮೇಲೆ ಇಬ್ಬರು ಮಕ್ಕಳಲ್ಲಿ ಹಿರಿಯ, ಶ್ರಾದ್ಧದಲ್ಲಿ ತನಗೆ ನಂಬಿಕೆಯಿಲ್ಲ, ಮಣೆಯ ಮೇಲೆ ಕೂರುವುದಿಲ್ಲ ಎಂದ. ತಾಯಿ ಒತ್ತಾಯ ಮಾಡಲಿಲ್ಲ. ಕಿರಿಯ ಮಗ ಪಿಂಡ ಇಡುತ್ತಾನೆ. ಹಿರಿಯ ಆ ದಿನ ರಜೆ ಹಾಕಿ ಬಂದು, ಹಿಂದಿನ ಸಂಜೆಯೇ ತರಕಾರಿ ತಂದು, ಮರುದಿನ ಎಲೆ ಹಾಸಿ ಬಡಿಸುತ್ತಾನೆ. ತಾಯಿಗೆ ಇದು ಸಾಕು. ಅವನಿಗೂ ಸಾಕು. ಕಿರಿಯನಿಗೆ ಮಾತ್ರ ಸಮಾಧಾನವಿಲ್ಲ: ಹಿರಿಯನ ಕರ್ಮ ತಾನು ಮಾಡುತ್ತಿದ್ದೇನೆ, ಫಲ ಅಪ್ಪನಿಗೆ ಮುಟ್ಟುವುದೋ ಇಲ್ಲವೋ ಎಂಬ ಕೊರಗು. ಅದು ಸುಳ್ಳು ಕೊರಗಲ್ಲ. ಅಣ್ಣನ ನಿಲುವಿನ ತೂಕವನ್ನು ಅರ್ಧ ತಮ್ಮ ಹೊತ್ತಿದ್ದಾನೆ. ಕಳೆದ ವರ್ಷ ಅವನು ಇದನ್ನು ಅಣ್ಣನಿಗೆ ಹೇಳಿದನಂತೆ. ಹಾಗಾದರೆ ಇಬ್ಬರೂ ಕೂತು, ಪುರೋಹಿತರನ್ನೂ ಕೇಳಿ, ಯಾವ ಭಾಗಕ್ಕೆ ಹಿರಿಯನೇ ಬೇಕು, ಯಾವುದಕ್ಕೆ ಬೇಡ ಎಂದು ನೋಡೋಣ ಎಂದು ಅಣ್ಣ ಒಪ್ಪಿದ್ದಾನೆ. ಮಾತು ಇನ್ನೂ ನಡೆಯುತ್ತಿದೆ. ಈ ವರ್ಷದ ತಿಥಿ ಪುಷ್ಯದಲ್ಲಿ ಬರುತ್ತದೆ.